ಬೆರಳು ಚೀಪುವ ಮಗುವಿಗೆ ಯಾವಾಗ ಸುಮ್ಮನಿರಬೇಕು, ಯಾವಾಗ ಹೇಳಬೇಕು

ಶಿರಸಿಯಲ್ಲಿ ದಂತವೈದ್ಯೆಯಾಗಿ ಮಕ್ಕಳ ಬಾಯಿ ನೋಡುತ್ತ ಬಂದ ನನಗೆ, ಬೆರಳು ಚೀಪುವ ವಿಷಯದಲ್ಲಿ ನಮ್ಮ ಮನೆಗಳ ಆತಂಕವು ಬೇಡದ ವಯಸ್ಸಿನಲ್ಲಿ ಹುಟ್ಟಿ, ಬೇಕಾದ ವಯಸ್ಸಿಗೆ ಸರಿಯಾಗಿ ತಣ್ಣಗಾಗಿಬಿಡುತ್ತದೆ ಎಂಬುದು ಬಹಳ ಕಾಲದಿಂದ ಹೇಳಬೇಕೆಂದುಕೊಂಡಿರುವ ಮಾತು. ಒಂದೂವರೆ ವರ್ಷದ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಸಿದ್ದಾಪುರದ ಕಡೆಯ ಹಳ್ಳಿಯಿಂದ ಬಸ್ಸು ಹಿಡಿದು ಬರುವ ತಾಯಿಯೊಬ್ಬರು, ಮಗು ಹೆಬ್ಬೆರಳು ಬಿಡುತ್ತಿಲ್ಲವೆಂದೂ ಮನೆಯಲ್ಲಿ ಎಲ್ಲರೂ ತಮ್ಮನ್ನೇ ದೂರುತ್ತಿದ್ದಾರೆಂದೂ ಹೇಳುತ್ತ ಕಣ್ಣು ತುಂಬಿಕೊಳ್ಳುತ್ತಾರೆ. ಆ ಕೂಸಿಗೆ ನಾನು ಮಾಡಬೇಕಾದದ್ದು ಏನೂ ಇರುವುದಿಲ್ಲ. ಅವರ ಹಿಂದೆಯೇ, ಹುಳುಕು ಹಲ್ಲಿನ ನೋವಿಗೆಂದು ಆರೂವರೆ ವರ್ಷದ ಹುಡುಗನನ್ನು ಕರೆತಂದವರು ಕುಳಿತಿರುತ್ತಾರೆ. ಅವನು ಬಾಯಿ ಮುಚ್ಚಿ ಕಚ್ಚಿದಾಗಲೂ ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ನಡುವೆ ನಾಲಿಗೆಯ ತುದಿ ಹೊರಗೆ ಕಾಣುವಷ್ಟು ಸಂದು ಇರುತ್ತದೆ. ಅದನ್ನು ತೋರಿಸಿದರೆ ಜೊತೆಗೆ ಬಂದ ಅಮ್ಮಮ್ಮ, "ಹಾಲುಹಲ್ಲು ಹೆಂಗಿದ್ರೂ ಬಿದ್ದೇ ಹೋಗ್ತು ಡಾಕ್ಟ್ರೇ, ಆಮೇಲೆ ಸರಿ ಆಗ್ತು" ಎಂದು ನನಗೇ ಸಮಾಧಾನ ಹೇಳುತ್ತಾರೆ. ಇವೆರಡೂ ಬೇರೆ ಬೇರೆ ಮನೆಗಳ ಮಾತಾಗಿರಬೇಕಿಲ್ಲ. ಅನೇಕ ಸಲ ಒಂದೇ ಮನೆ ಒಂದೇ ಮಗುವಿನ ಬಗ್ಗೆ ಮೊದಲು ಅಳುತ್ತದೆ, ನಾಲ್ಕೈದು ವರ್ಷಗಳ ಬಳಿಕ ಸುಮ್ಮನಾಗುತ್ತದೆ.

ಚೀಪುವುದು ಮಗು ಯಾರಿಂದಲೋ ಕಲಿತು ಬಂದ ಕೆಟ್ಟ ಚಾಳಿಯಲ್ಲ. ಗರ್ಭಿಣಿಯರ ಸ್ಕ್ಯಾನಿಂಗ್ ಪರದೆಯ ಮೇಲೆ, ಇನ್ನೂ ಹುಟ್ಟದ ಶಿಶು ಬೆರಳನ್ನು ಬಾಯಿಗಿಟ್ಟುಕೊಂಡಿರುವುದನ್ನು ನೋಡಬಹುದು. ಹುಟ್ಟಿದ ಮೇಲೆ ಹಾಲು ಕುಡಿದು ಬದುಕಬೇಕಾದ ಜೀವಕ್ಕೆ ಚೀಪುವ ಶಕ್ತಿ ಮೊದಲೇ ಸಿದ್ಧವಾಗಿರಲೇಬೇಕು. ಹೊಟ್ಟೆ ತುಂಬಿದ ಮೇಲೂ ಅದೇ ಕ್ರಿಯೆ ಮಗುವಿಗೆ ನೆಮ್ಮದಿ ಕೊಡುತ್ತದೆ, ನಿದ್ದೆ ತರುತ್ತದೆ. ಆಲದ ಎಲೆಯ ಮೇಲೆ ಮಲಗಿ ಕಾಲಿನ ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡ ಬಾಲಕೃಷ್ಣನ ಪಟವನ್ನು ನಾವು ದೇವರ ಕೋಣೆಯಲ್ಲಿಟ್ಟು ಕೈಮುಗಿಯುತ್ತೇವೆ. ಮನೆಯ ಕೂಸು ಕೈಬೆರಳನ್ನು ಬಾಯಿಗಿಟ್ಟಾಗ ಅಷ್ಟೇ ಪ್ರೀತಿಯಿಂದ ನೋಡುವುದಕ್ಕೆ ಮೊದಲ ಎರಡು ಮೂರು ವರ್ಷಗಳಲ್ಲಿ ಯಾವ ಅಡ್ಡಿಯೂ ಇಲ್ಲವೆಂದು ನಾನು ತಾಯಂದಿರಿಗೆ ಹೇಳುತ್ತೇನೆ. ಹೆಚ್ಚಿನ ಮಕ್ಕಳು 2ರಿಂದ 4 ವರ್ಷದ ನಡುವೆ, ಮಾತು ಬಂದು, ಆಟ ಬೆಳೆದು, ಜೊತೆಗಾರರು ಸಿಕ್ಕಿದ ಹಾಗೆ ತಾವಾಗಿಯೇ ಬಿಡುತ್ತಾರೆ. ಅಮೆರಿಕದ ದಂತವೈದ್ಯರ ಸಂಘವೂ ಪಾಲಕರಿಗೆ ಇದನ್ನೇ ತಿಳಿಸುತ್ತದೆ. ಆ ವಯಸ್ಸಿಗೆ ಮೊದಲು ಕೈ ಎಳೆಯುವುದು, ಗದರುವುದು, ನೆಂಟರೆದುರು ಹಾಸ್ಯ ಮಾಡುವುದು ಇವುಗಳಿಂದ ಹಲ್ಲಿಗೆ ಲಾಭವಿಲ್ಲ. ಗದರಿಸಿಕೊಂಡ ಮಗುವಿಗೆ ಸಮಾಧಾನ ಬೇಕಾಗುತ್ತದೆ, ಅದು ಹುಡುಕುವ ಮೊದಲ ಸಮಾಧಾನವೇ ಬೆರಳು.

ಇನ್ನು ಅಮ್ಮಮ್ಮನ ಮಾತಿಗೆ ಬರುತ್ತೇನೆ. ಹಾಲುಹಲ್ಲುಗಳು ಒಟ್ಟು 20. ಸುಮಾರು 6 ತಿಂಗಳಿಗೆ ಕೆಳಗಿನ ಬಾಚಿಹಲ್ಲು ಮೂಡಲು ಆರಂಭವಾಗಿ ಎರಡೂವರೆ ಮೂರು ವರ್ಷದ ಹೊತ್ತಿಗೆ ಎಲ್ಲವೂ ಬಂದಿರುತ್ತವೆ. ಆರನೆಯ ವರ್ಷದ ಸುಮಾರಿಗೆ ಯಾವ ಹಾಲುಹಲ್ಲೂ ಬೀಳದೆಯೇ, ಸಾಲಿನ ಕೊನೆಯಲ್ಲಿ ಮೊದಲ ಶಾಶ್ವತ ದವಡೆಹಲ್ಲು ಹುಟ್ಟುತ್ತದೆ. ಇದನ್ನು ಹಾಲುಹಲ್ಲೆಂದೇ ಭಾವಿಸಿ ಹುಳುಕಾಗಲು ಬಿಡುವ ಪಾಲಕರು ತುಂಬ ಮಂದಿ. ಈ ಮಾತು ನಮ್ಮ ವಿಷಯಕ್ಕೆ ಹೊರಗಿನದಾದರೂ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಆ ಬಳಿಕ 6ರಿಂದ 7 ವರ್ಷಕ್ಕೆ ಕೆಳಗಿನ ನಡುವಿನ ಬಾಚಿಹಲ್ಲು, 7ರಿಂದ 8ಕ್ಕೆ ಮೇಲಿನವು, 8ರಿಂದ 9ಕ್ಕೆ ಅವುಗಳ ಪಕ್ಕದವು ಬರುತ್ತವೆ. ಹಾಲುಹಲ್ಲು ಬೀಳುವುದು ನಿಜ, ಆದರೆ ಅದು ನಿಂತಿದ್ದ ದವಡೆ ಬೀಳುವುದಿಲ್ಲ. ನಾಲ್ಕೈದು ವರ್ಷ ಬೆರಳಿನ ಒತ್ತಡಕ್ಕೆ ಸಿಕ್ಕಿ ಸೊರಗಿದ ಮೇಲಿನ ದವಡೆಯಲ್ಲೇ ಹೊಸ ಹಲ್ಲು ಸ್ಥಳ ಹುಡುಕಿಕೊಳ್ಳಬೇಕು. ಅದಕ್ಕಿಂತ ಮುಖ್ಯವಾಗಿ, ಏಳರ ಹೊತ್ತಿಗೂ ಅಭ್ಯಾಸ ಉಳಿದಿದ್ದರೆ ಹೊಸ ಹಲ್ಲು ಮೂಡುತ್ತಿರುವ ದಾರಿಯಲ್ಲೇ ಬೆರಳು ಕಾದಿರುತ್ತದೆ.

ಬೆರಳು ಬಾಯಿಯೊಳಗೆ ಏನು ಮಾಡುತ್ತದೆ ಎಂಬುದು ಪಾಲಕರಿಗೆ ಸ್ಪಷ್ಟವಾದರೆ ಉಳಿದದ್ದನ್ನು ಹೇಳುವುದು ಸುಲಭ. ನಮ್ಮ ಹಲ್ಲುಗಳು ಹೊರಗಿನಿಂದ ತುಟಿ ಮತ್ತು ಕೆನ್ನೆ, ಒಳಗಿನಿಂದ ನಾಲಿಗೆ ಇವುಗಳ ಒತ್ತಡ ಸರಿದೂಗುವ ಜಾಗದಲ್ಲಿ ನಿಂತಿರುತ್ತವೆ. ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡಾಗ ಅದರ ಮೆತ್ತನೆಯ ಭಾಗ ಮೇಲಿನ ಬಾಚಿಹಲ್ಲುಗಳ ಹಿಂಬದಿಗೂ ಅಂಗುಳಕ್ಕೂ ತಾಗಿ ಅವುಗಳನ್ನು ಮುಂದಕ್ಕೆ ತಳ್ಳುತ್ತದೆ. ಕೈಯ ಭಾರ ಕೆಳಗಿನ ಬಾಚಿಹಲ್ಲುಗಳ ಮೇಲೆ ಬಿದ್ದು ಅವುಗಳನ್ನು ಒಳಕ್ಕೆ, ನಾಲಿಗೆಯ ಕಡೆಗೆ ಬಾಗಿಸುತ್ತದೆ. ಮುಂದಿನ ಹಲ್ಲುಗಳ ನಡುವೆ ಬೆರಳು ಅಡ್ಡವಿರುವುದರಿಂದ ಅವು ತಮ್ಮ ಪೂರ್ಣ ಎತ್ತರಕ್ಕೆ ಬರಲಾರವು. ಅದೇ ಹೊತ್ತಿಗೆ ಬಾಯಿ ತುಸು ತೆರೆದೇ ಇರುವುದರಿಂದ ಹಿಂದಿನ ದವಡೆಹಲ್ಲುಗಳಿಗೆ ಎದುರಿನ ಹಲ್ಲಿನ ತಡೆ ಸಿಗದೆ ಅವು ಅಗತ್ಯಕ್ಕಿಂತ ಹೆಚ್ಚು ಎದ್ದುಬಿಡುತ್ತವೆ. ಹಿಂದೆ 1 ಮಿಲಿಮೀಟರ್ ಹೆಚ್ಚು ಎದ್ದರೆ ಮುಂದೆ ಸುಮಾರು 2 ಮಿಲಿಮೀಟರ್ ತೆರೆದುಕೊಳ್ಳುತ್ತದೆ. ಅಡಕತ್ತರಿಯನ್ನು ಬಳಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕೀಲಿನ ಹತ್ತಿರ ಸಿಕ್ಕಿಕೊಂಡ ಚಿಕ್ಕ ಚೂರು ಹಿಡಿಕೆಗಳ ತುದಿಯನ್ನು ಎಷ್ಟು ದೂರ ಮಾಡುತ್ತದೆ ಎಂಬುದನ್ನು ಅವರು ಕೈಯಲ್ಲೇ ಬಲ್ಲರು. ಹೀಗೆ ಮುಂದಿನ ಹಲ್ಲುಗಳು ಒಂದಕ್ಕೊಂದು ಮುಟ್ಟದೆ ಉಳಿಯುವ ಸ್ಥಿತಿಯನ್ನು ನಾವು ಓಪನ್ ಬೈಟ್ ಎನ್ನುತ್ತೇವೆ. ಮಗು ಬಲಗೈ ಹೆಬ್ಬೆರಳನ್ನು ಒಂದು ಪಕ್ಕಕ್ಕೆ ಇಟ್ಟುಕೊಳ್ಳುತ್ತಿದ್ದರೆ ಸಂದು ಕೂಡ ಆ ಪಕ್ಕಕ್ಕೇ ಹೆಚ್ಚಾಗಿರುತ್ತದೆ.

ಕಣ್ಣಿಗೆ ಬೀಳದ ಇನ್ನೊಂದು ಹಾನಿ ಇದಕ್ಕಿಂತ ಹೆಚ್ಚು ಕಾಲ ಉಳಿಯುವಂಥದ್ದು. ಸಾಮಾನ್ಯವಾಗಿ ಬಾಯಿ ಮುಚ್ಚಿರುವಾಗ ನಾಲಿಗೆ ಅಂಗುಳಕ್ಕೆ ತಾಗಿಕೊಂಡಿದ್ದು ಮೇಲಿನ ದವಡೆಗೆ ಒಳಗಿನಿಂದ ಆಸರೆ ಕೊಡುತ್ತದೆ. ಬೆರಳು ಒಳಗೆ ಬಂದಾಗ ನಾಲಿಗೆ ಕೆಳಗಿಳಿಯಲೇಬೇಕು. ಅತ್ತ ಚೀಪುವಾಗ ಕೆನ್ನೆಯ ಸ್ನಾಯುಗಳು ಬಿಗಿದು ಮೇಲಿನ ಸಾಲನ್ನು ಎರಡೂ ಕಡೆಯಿಂದ ಒಳಕ್ಕೆ ಒತ್ತುತ್ತವೆ. ಒಳಗೆ ಆಸರೆ ಇಲ್ಲ, ಹೊರಗೆ ಒತ್ತಡವಿದೆ. ಹೀಗಾಗಿ ದುಂಡಗೆ ಅಗಲವಾಗಿರಬೇಕಾದ ಮೇಲಿನ ಸಾಲು ಕಿರಿದಾಗುತ್ತದೆ, ಅಂಗುಳ ಎತ್ತರದ ಕಮಾನಿನಂತೆ ಕಾಣತೊಡಗುತ್ತದೆ, ಮೇಲಿನ ದವಡೆಹಲ್ಲುಗಳು ಕೆಳಗಿನವುಗಳ ಹೊರಬದಿಗೆ ಕೂರುವ ಬದಲು ಒಳಬದಿಗೆ ಕೂರುತ್ತವೆ. ಇದಕ್ಕೆ ಕ್ರಾಸ್ ಬೈಟ್ ಎಂದು ಹೆಸರು. ಇಂಥ ಮಗುವಿಗೆ ನೇರವಾಗಿ ಕಚ್ಚಿದರೆ ಹಲ್ಲುಗಳು ತುದಿಗೆ ತುದಿ ತಾಗಿ ಇರಿಸುಮುರಿಸಾಗುತ್ತದೆ, ಆದ್ದರಿಂದ ಅದು ಕೆಳದವಡೆಯನ್ನು ಒಂದು ಪಕ್ಕಕ್ಕೆ ಸರಿಸಿ ಕಚ್ಚುವುದನ್ನು ರೂಢಿ ಮಾಡಿಕೊಳ್ಳುತ್ತದೆ. ಎದುರಿಗೆ ಕೂರಿಸಿಕೊಂಡು ನೋಡಿದರೆ ಗದ್ದ ಮೂಗಿನ ನೇರಕ್ಕಿಲ್ಲದೆ ಸ್ವಲ್ಪ ಓರೆಯಾಗಿರುವುದು ತಿಳಿಯುತ್ತದೆ. ಬೆಳೆಯುವ ಮುಖಕ್ಕೆ ಆ ಓರೆ ಒಳ್ಳೆಯದಲ್ಲ.

ಹಾಗಿದ್ದರೆ ಬೆರಳು ಚೀಪುವ ಎಲ್ಲ ಮಕ್ಕಳಿಗೂ ಹೀಗಾಗಬೇಕಿತ್ತಲ್ಲ ಎಂದು ಕೇಳಬಹುದು. ಆಗುವುದಿಲ್ಲ, ಮತ್ತು ಅದಕ್ಕೆ ಕಾರಣವನ್ನು ನಾನು ಈ ಬರಹದ ಮುಖ್ಯ ಮಾತೆಂದು ತಿಳಿಯುತ್ತೇನೆ. ಹಲ್ಲು ಸರಿಯುವುದಕ್ಕೆ ಒತ್ತಡ ಜೋರಾಗಿರಬೇಕೆಂದಿಲ್ಲ, ಹೆಚ್ಚು ಹೊತ್ತು ಇರಬೇಕು. ನಾವು ಊಟ ಮಾಡುವಾಗ ಹಲ್ಲಿನ ಮೇಲೆ ಬೀಳುವ ಒತ್ತಡ ಬಹಳ ದೊಡ್ಡದಾದರೂ ಕ್ಷಣಮಾತ್ರದ್ದಾದ್ದರಿಂದ ಹಲ್ಲು ಕದಲುವುದಿಲ್ಲ. ತುಟಿಯ ಒತ್ತಡ ಅತಿ ಸಣ್ಣದಾದರೂ ದಿನವಿಡೀ ಇರುವುದರಿಂದ ಹಲ್ಲಿನ ಸ್ಥಾನವನ್ನು ತಿದ್ದಬಲ್ಲದು. ದಿನಕ್ಕೆ ಸುಮಾರು 6 ಗಂಟೆ ಒಂದೇ ಕಡೆ ಹಗುರವಾದ ಒತ್ತಡ ಬಿದ್ದರೂ ಹಲ್ಲು ಜಾಗ ಬಿಡಲು ಅದು ಸಾಕೆಂದು ದಂತವಕ್ರತೆಯ ಶಾಸ್ತ್ರ ಹೇಳುತ್ತದೆ. ಹಗಲಿನಲ್ಲಿ ಹತ್ತು ನಿಮಿಷ ಜೋರಾಗಿ ಸದ್ದು ಮಾಡುತ್ತ ಚೀಪಿ ಎಲ್ಲರ ಕಣ್ಣಿಗೆ ಬೀಳುವ ಮಗುವಿನ ಹಲ್ಲು ನೆಟ್ಟಗಿರಬಹುದು. ಹಗಲಿಡೀ ಬಾಯಿಗೆ ಬೆರಳಿಡದೆ, ರಾತ್ರಿ ದೀಪ ಆರಿಸಿದ ಮೇಲೆ ಹೆಬ್ಬೆರಳನ್ನು ಬಾಯಿಯೊಳಗೆ ಸುಮ್ಮನೆ ಇಟ್ಟುಕೊಂಡು ಬೆಳಗಿನವರೆಗೆ ಮಲಗುವ ಮಗುವಿನ ಹಲ್ಲು ಮುಂದೆ ಬಂದಿರಬಹುದು. ಮನೆಯವರು ಬೈಯುವುದು ಮೊದಲನೆಯ ಮಗುವಿಗೆ. ಎರಡನೆಯ ಮಗುವಿನ ಬಗ್ಗೆ ಕೇಳಿದರೆ, "ಇಲ್ಲೆ ಡಾಕ್ಟ್ರೇ, ಈಗ ಬಿಟ್ಟಿದ್ದ" ಎಂಬ ಉತ್ತರವೇ ಬರುತ್ತದೆ.

ನಮ್ಮ ಕಡೆಯ ಬದುಕಿನಲ್ಲಿ ಈ ಗಂಟೆಗಳು ಎಲ್ಲಿ ಸೇರಿಕೊಳ್ಳುತ್ತವೆ ಎಂಬುದನ್ನು ಗಮನಿಸಬೇಕು. ಘಟ್ಟದ ಮೇಲಿನ ಮಳೆಗಾಲದಲ್ಲಿ ಮಕ್ಕಳು ದಿನಗಟ್ಟಲೆ ಮನೆಯೊಳಗೇ ಇರುತ್ತಾರೆ; ಕಂಬಳಿ ಹೊದ್ದು ಮೊಬೈಲೋ ಟಿ.ವಿ.ಯೋ ನೋಡುತ್ತ ಕುಳಿತ ಮಗುವಿನ ಒಂದು ಕೈ ಪರದೆಗೆ, ಇನ್ನೊಂದು ಕೈ ಬಾಯಿಗೆ. ಅಡಿಕೆ ಕೊಯ್ಲಿನ ಕಾಲಕ್ಕೆ ದೊಡ್ಡವರೆಲ್ಲ ರಾತ್ರಿಯವರೆಗೂ ಸುಲಿಯುವ ಕೆಲಸದಲ್ಲಿರುತ್ತಾರೆ, ಮಗು ಒಂದೇ ಮಲಗಿ ನಿದ್ದೆಗೆ ಬೆರಳನ್ನೇ ಜೊತೆ ಮಾಡಿಕೊಳ್ಳುತ್ತದೆ. ಕರಾವಳಿಯಲ್ಲಿ ನಸುಕಿನಲ್ಲೇ ಮೀನು ಪೇಟೆಗೆ ಹೊರಡುವ ತಾಯಂದಿರ ಮಕ್ಕಳು ಬೆಳಗಿನ ನಿದ್ದೆಯನ್ನು ಹಾಗೆಯೇ ಮುಂದುವರಿಸುತ್ತಾರೆ. ಇದರಲ್ಲಿ ಯಾರ ತಪ್ಪೂ ಇಲ್ಲ. ದುಡಿದು ಉಣ್ಣುವ ಮನೆಗಳಲ್ಲಿ ಮಗುವಿನ ಪಕ್ಕ ಸದಾ ಒಬ್ಬರು ಕುಳಿತಿರಲು ಆಗುವುದಿಲ್ಲವೆಂಬುದು ನನಗೆ ಗೊತ್ತು. ಆದರೆ ಯಾವ ಹೊತ್ತಿಗೆ ಬೆರಳು ಬಾಯಿಗೆ ಹೋಗುತ್ತದೆ ಎಂಬುದನ್ನು ತಿಳಿದುಕೊಂಡರೆ, ಎಲ್ಲ ಹೊತ್ತೂ ಗದರುವ ಕೆಲಸ ತಪ್ಪುತ್ತದೆ.

ಹಲ್ಲು ಹೀಗಾದರೆ ಏನಾಗುತ್ತದೆ? ಚೆಂದದ ಮಾತನ್ನು ಪಕ್ಕಕ್ಕಿಡೋಣ, ಅದು ಮುಂದೆ ಹದಿಹರೆಯದಲ್ಲಿ ಮಗುವಿಗೆ ನೋವು ಕೊಡುವ ವಿಷಯವೇ ಆದರೂ. ಮುಂದಿನ ಹಲ್ಲುಗಳು ಮುಟ್ಟದ ಮಗು ತೆಳ್ಳೇವಿನಂಥ ತೆಳು ದೋಸೆಯನ್ನು ಕೂಡ ಬಾಚಿಹಲ್ಲಿನಿಂದ ಹರಿಯಲಾರದು. ಬಾಯಿಯ ಪಕ್ಕಕ್ಕೆ ತೆಗೆದುಕೊಂಡು ಹೋಗಿ ಕೋರೆಹಲ್ಲಿನಲ್ಲಿ ಹರಿದುಕೊಳ್ಳುತ್ತದೆ. ಮನೆಯಲ್ಲೇ ಗಮನಿಸಬಹುದಾದ ಅತಿ ಸುಲಭದ ಗುರುತು ಇದು. ನುಂಗುವಾಗ ಬಾಯಿಯ ಮುಂಭಾಗವನ್ನು ಮುಚ್ಚಲು ನಾಲಿಗೆ ಆ ಸಂದಿನೊಳಕ್ಕೆ ಚಾಚಿಕೊಳ್ಳುವುದನ್ನು ಕಲಿಯುತ್ತದೆ, ಮತ್ತು ಬೆರಳು ಬಿಟ್ಟ ಮೇಲೂ ಕೆಲವು ಮಕ್ಕಳಲ್ಲಿ ಈ ನಾಲಿಗೆಯ ರೂಢಿ ಉಳಿದುಕೊಂಡು ಸಂದು ಮುಚ್ಚದಂತೆ ಮಾಡುತ್ತದೆ. ಮಾತಿನಲ್ಲಿ ಸಕಾರ, ಜಕಾರ ತೊದಲಬಹುದು. ತೊದಲುವ ಮಕ್ಕಳೆಲ್ಲ ಬೆರಳು ಚೀಪುವವರಲ್ಲ, ಆದ್ದರಿಂದ ಅದೊಂದನ್ನೇ ನೋಡಿ ನಿರ್ಧರಿಸಬಾರದು.

ನನ್ನನ್ನು ಹೆಚ್ಚು ಚಿಂತೆಗೆ ಹಚ್ಚುವುದು ಪೆಟ್ಟು. ಮೇಲಿನ ಬಾಚಿಹಲ್ಲುಗಳು ಕೆಳಗಿನವುಗಳಿಗಿಂತ 3 ಮಿಲಿಮೀಟರ್‌ಗಿಂತ ಹೆಚ್ಚು ಮುಂದಿದ್ದರೆ ಅವುಗಳಿಗೆ ಪೆಟ್ಟು ಬೀಳುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆ. ತುಟಿ ಪೂರ್ತಿ ಮುಚ್ಚದ ಕಾರಣ ಬಿದ್ದಾಗ ನೆಲಕ್ಕೆ ಮೊದಲು ತಾಗುವುದು ಹಲ್ಲೇ. ಆಷಾಢ ಶ್ರಾವಣದಲ್ಲಿ ನಮ್ಮ ಅಂಗಳಗಳು ಹಾವಸೆ ಕಟ್ಟಿರುತ್ತವೆ, ಚಿರೇಕಲ್ಲಿನ ಮೆಟ್ಟಿಲುಗಳು ಜಾರುತ್ತವೆ, ಶಾಲೆಯಿಂದ ಓಡಿ ಬರುವ ಎಂಟು ಒಂಬತ್ತು ವರ್ಷದ ಮಕ್ಕಳು ಮುಗ್ಗರಿಸಿ ಬಿದ್ದು, ಬಂದು ವರ್ಷವೂ ಆಗದ ಶಾಶ್ವತ ಹಲ್ಲನ್ನು ಮುರಿದುಕೊಂಡು ಬರುತ್ತಾರೆ. ಇಲ್ಲಿ ಒಂದು ಮಾತನ್ನು ಎಲ್ಲರೂ ನೆನಪಿಡಬೇಕೆಂದು ಕೇಳಿಕೊಳ್ಳುತ್ತೇನೆ: ಶಾಶ್ವತ ಹಲ್ಲು ಬುಡಸಮೇತ ಕಿತ್ತು ಬಂದರೆ ಅದನ್ನು ಬೇರಿನ ಕಡೆ ಮುಟ್ಟದೆ ಹಲ್ಲಿನ ತಲೆಯನ್ನು ಹಿಡಿದು ಎತ್ತಿ, ತಿಕ್ಕದೆ, ಹಾಲಿನಲ್ಲಿ ಹಾಕಿಕೊಂಡು ಸಾಧ್ಯವಾದಷ್ಟು ಬೇಗ, ಒಂದು ಗಂಟೆಯೊಳಗೆ, ದಂತವೈದ್ಯರಲ್ಲಿಗೆ ತಂದರೆ ಮರಳಿ ಕೂರಿಸುವ ಅವಕಾಶವಿರುತ್ತದೆ. ಹಾಲುಹಲ್ಲನ್ನು ಹಾಗೆ ಕೂರಿಸುವುದಿಲ್ಲ.

ಮಗು ಕುರ್ಚಿಯ ಮೇಲೆ ಕುಳಿತಾಗ ನಾನು ಬಾಯಿಗಿಂತ ಮೊದಲು ಕೈಯನ್ನು ಕೇಳುತ್ತೇನೆ. ಮಣ್ಣಾಡಿ ಬಂದ ಮಗುವಿನ ಒಂಬತ್ತು ಬೆರಳು ಕೊಳೆಯಾಗಿದ್ದು ಒಂದು ಹೆಬ್ಬೆರಳು ಮಾತ್ರ ಬೆಳ್ಳಗೆ, ನೆನೆದು ಸುಕ್ಕಾಗಿ, ಗೆಣ್ಣಿನ ಮೇಲೆ ಗಟ್ಟಿಯಾದ ಚರ್ಮ ಹೊತ್ತಿದ್ದರೆ ಬೇರೆ ಸಾಕ್ಷಿ ಬೇಡ. ಕೆಲವರಿಗೆ ಅದೇ ಬೆರಳಿಗೆ ಮತ್ತೆ ಮತ್ತೆ ಉಗುರುಸುತ್ತು ಆಗಿರುತ್ತದೆ. ಹಾಗೆಂದು ಮುಂದೆ ಬಂದ ಹಲ್ಲಿಗೆಲ್ಲ ಬೆರಳೇ ಕಾರಣವಲ್ಲ. ಅಪ್ಪನ ಅಥವಾ ಅಮ್ಮನ ದವಡೆಯ ರೂಪವೇ ಬಂದಿರಬಹುದು. ಸದಾ ಮೂಗು ಕಟ್ಟಿ ಬಾಯಿಯಿಂದ ಉಸಿರಾಡುವ ಮಕ್ಕಳಲ್ಲೂ ಬಾಯಿ ತೆರೆದೇ ಇದ್ದು, ನಾಲಿಗೆ ಕೆಳಗಿಳಿದು, ಅಂಗುಳ ಕಿರಿದಾಗುವುದುಂಟು. ಅಂಥವರನ್ನು ಮೊದಲು ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಬೇಕಾಗುತ್ತದೆ.

ಒಳ್ಳೆಯ ಸುದ್ದಿಯೂ ಇದೆ, ಮತ್ತು ಅದು ಕಾಲಕ್ಕೆ ಸಂಬಂಧಿಸಿದ್ದು. ಶಾಶ್ವತ ಬಾಚಿಹಲ್ಲುಗಳು ಪೂರ್ತಿ ಇಳಿಯುವ ಮೊದಲೇ ಅಭ್ಯಾಸ ನಿಂತರೆ ಮುಂದಿನ ಸಂದು ಹೆಚ್ಚಿನ ಮಕ್ಕಳಲ್ಲಿ ಯಾವ ಚಿಕಿತ್ಸೆಯೂ ಇಲ್ಲದೆ ಕೆಲವು ತಿಂಗಳುಗಳಲ್ಲಿ ತಾನೇ ಮುಚ್ಚಿಕೊಳ್ಳುತ್ತ ಬರುತ್ತದೆ. ತುಟಿ ಮತ್ತು ನಾಲಿಗೆ ತಮ್ಮ ಹಳೆಯ ಕೆಲಸಕ್ಕೆ ಮರಳಿದರೆ ಅವೇ ತಿದ್ದುತ್ತವೆ. ಕ್ರಾಸ್ ಬೈಟ್ ಮಾತ್ರ ಹಾಗಲ್ಲ. ಅದು ತಾನಾಗಿ ಸರಿಯಾಗುವುದು ಕಡಿಮೆ, ದವಡೆಯನ್ನು ಅಗಲಿಸುವ ತಂತಿ ಹಾಕಬೇಕಾಗಿ ಬರುತ್ತದೆ. ಆದ್ದರಿಂದ ನಾಲ್ಕು ತುಂಬಿದ ಮೇಲೆ ಮೆಲ್ಲಗೆ ಮಾತು ಆರಂಭಿಸಿ, ಆರು ತುಂಬುವುದರೊಳಗೆ ಬಿಡಿಸುವ ಗುರಿ ಇಟ್ಟುಕೊಳ್ಳಿ ಎಂದು ನಾನು ಹೇಳುತ್ತೇನೆ. ಮೂರರ ಹೊತ್ತಿಗೇ ಮುಂದೆ ಸಂದು ಅಥವಾ ಪಕ್ಕಕ್ಕೆ ಸರಿದ ಕಚ್ಚು ಕಾಣಿಸಿದರೆ ನಾಲ್ಕರವರೆಗೆ ಕಾಯದೆ ತೋರಿಸಬೇಕು.

ಬಿಡಿಸುವ ಬಗೆಯ ಬಗ್ಗೆ ನಮ್ಮ ಊರುಗಳಲ್ಲಿ ಉಪಾಯಗಳಿಗೆ ಬರಗಾಲವಿಲ್ಲ. ಬೇವಿನ ಎಣ್ಣೆ, ಹಾಗಲಕಾಯಿ ರಸ, ಲೋಳೆಸರ ಇವುಗಳನ್ನು ಬೆರಳಿಗೆ ಹಚ್ಚುತ್ತಾರೆ. ಕಹಿಯನ್ನು ಮಗುವೇ ಒಪ್ಪಿ, "ನನಗೆ ನೆನಪಾಗುವ ಹಾಗೆ ಹಚ್ಚು" ಎಂದು ಕೇಳಿದರೆ ಅದು ನೆನಪಿನ ಗುರುತಾಗಿ ಕೆಲಸ ಮಾಡಬಹುದು. ಹಿಡಿದು ಹಚ್ಚಿದರೆ ಮಗು ಕಹಿಯನ್ನು ನೆಕ್ಕಿ ಮುಗಿಸಿ ಮತ್ತೆ ಚೀಪುತ್ತದೆ ಅಥವಾ ಬೇರೆ ಬೆರಳನ್ನು ಹುಡುಕುತ್ತದೆ. ಮೆಣಸಿನ ಪುಡಿ, ಕಾಳುಮೆಣಸಿನ ಪುಡಿ ಹಚ್ಚುವುದನ್ನು ದಯವಿಟ್ಟು ನಿಲ್ಲಿಸಿ, ಏಕೆಂದರೆ ನಿದ್ದೆಗಣ್ಣಿನಲ್ಲಿ ಅದೇ ಬೆರಳು ಕಣ್ಣಿಗೆ ಹೋಗುತ್ತದೆ. ಇನ್ನೂ ಗಂಭೀರವಾದದ್ದು ಕಾಸರಕ. ನಮ್ಮ ಬೇಣ ಬೆಟ್ಟಗಳಲ್ಲಿ ಸುಲಭವಾಗಿ ಸಿಗುವ ಈ ಮರದ ಕಹಿ ಹೆಸರಾದದ್ದು, ಆದರೆ ಅದರ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ಕಡು ವಿಷವಿದೆ. ಅದರ ಯಾವ ಭಾಗವನ್ನೂ ಮಗುವಿನ ಬಾಯಿಗೆ ಹೋಗುವ ಬೆರಳಿಗೆ ಯಾವ ಕಾರಣಕ್ಕೂ ತಾಗಿಸಬಾರದು. ಕೈಗೆ ಬರೆ ಹಾಕುತ್ತೇವೆಂದು ಹೆದರಿಸುವುದು, ಬೆರಳು ಕತ್ತರಿಸುತ್ತಾರೆಂದು ವೈದ್ಯರ ಹೆಸರು ಹೇಳುವುದು ಇವೂ ಬೇಡ. ಹೆದರಿದ ಮಗು ಬೆರಳು ಬಿಡುವುದಿಲ್ಲ, ಹೊದಿಕೆಯೊಳಗೆ ಅಡಗಿಸಿ ಚೀಪುತ್ತದೆ. ಆಮೇಲೆ ನಮ್ಮ ಕುರ್ಚಿಯ ಮೇಲೆ ಬಾಯಿ ತೆರೆಯುವುದಿಲ್ಲ.

ಫಲ ಕೊಡುವುದನ್ನು ನಾನು ನೋಡಿರುವುದು ಮಗುವಿನೊಡನೆ ನೇರವಾಗಿ ಮಾತಾಡುವುದರಲ್ಲಿ. ನಾಲ್ಕೂವರೆ ಐದು ವರ್ಷದ ಮಗುವಿಗೆ ಕನ್ನಡಿ ಕೊಟ್ಟು, "ನೋಡು ಪುಟ್ಟಿ, ಹಲ್ಲು ಕಚ್ಚಿಕೊಂಡಾಗ ಇಲ್ಲಿ ಬಾಗಿಲು ತೆರೆದೇ ಉಳಿದಿದೆ, ಬೆರಳು ಅಲ್ಲಿ ಬಂದು ನಿಲ್ಲುತ್ತದಲ್ಲ, ಅದಕ್ಕೆ" ಎಂದು ತೋರಿಸಿದರೆ ಅದು ದೊಡ್ಡವರಿಗಿಂತ ಶ್ರದ್ಧೆಯಿಂದ ಕೇಳುತ್ತದೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಬೆರಳಿಡದೆ ಮಲಗಿದ ರಾತ್ರಿಯ ಮರುದಿನ ಬೆಳಿಗ್ಗೆ ಮಗುವೇ ತನ್ನ ಕೈಯಿಂದ ಒಂದು ಚಿತ್ರವನ್ನು ಬರೆಯಲಿ. ಬಿಟ್ಟುಹೋದ ದಿನಕ್ಕೆ ಕಪ್ಪು ಗುರುತು ಬೇಡ, ಖಾಲಿ ಬಿಟ್ಟರಾಯಿತು. ಒಂದು ವಾರ ತುಂಬಿದರೆ ಅದಕ್ಕೆ ಇಷ್ಟವಾದ ಏನಾದರೂ ಇರಲಿ. ಸಿಹಿತಿಂಡಿಯ ಬಹುಮಾನ ಮಾತ್ರ ಬೇಡ. ರಾತ್ರಿಗೆ ತೆಳುವಾದ ಹತ್ತಿ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಮಲಗುವುದು ಸಾದಾ ಉಪಾಯ, ಮಗುವೇ ಅದನ್ನು ತೊಟ್ಟುಕೊಳ್ಳಬೇಕು. ಮೊಣಕೈ ಸುತ್ತ ಸಡಿಲವಾಗಿ ಎಲಾಸ್ಟಿಕ್ ಪಟ್ಟಿ ಸುತ್ತಿ, ನಿದ್ದೆ ಹತ್ತಿದಾಗ ಕೈ ತಾನೇ ನೇರವಾಗುವಂತೆ ಮಾಡುವ ಕ್ರಮವೂ ಇದೆ. ರಕ್ತಸಂಚಾರಕ್ಕೆ ಅಡ್ಡಿಯಾಗಬಾರದಾದ್ದರಿಂದ ಅದನ್ನು ಒಮ್ಮೆ ವೈದ್ಯರಲ್ಲಿ ನೋಡಿ ಕಲಿತ ಮೇಲೆಯೇ ಮಾಡಬೇಕು. ಹಗಲಿನಲ್ಲಿ ಬೆರಳು ಬಾಯಿಗೆ ಹೋದಾಗ "ತೆಗೆ" ಎನ್ನುವುದಕ್ಕಿಂತ ಎರಡೂ ಕೈಗೆ ಕೆಲಸ ಕೊಡುವುದು ಒಳ್ಳೆಯದು. ಹೂವು ಕಟ್ಟುವಾಗ ನಾರು ಹಿಡಿದುಕೊಳ್ಳಲಿ, ಅವರೆ ಸುಲಿಯಲಿ, ಚಪಾತಿ ಹಿಟ್ಟಿನ ಉಂಡೆ ಮಾಡಲಿ.

ಬಿಟ್ಟಿದ್ದ ಮಗು ಮತ್ತೆ ಹಿಡಿದುಕೊಂಡರೆ ಮನೆಯಲ್ಲಿ ಏನು ಬದಲಾಗಿದೆಯೆಂದು ನೋಡಬೇಕು. ತಮ್ಮನೋ ತಂಗಿಯೋ ಹುಟ್ಟಿರಬಹುದು, ಅಪ್ಪ ಕೆಲಸಕ್ಕೆಂದು ಗೋವಾಕ್ಕೋ ಬೆಂಗಳೂರಿಗೋ ಹೋಗಿರಬಹುದು, ಶಾಲೆಯಲ್ಲಿ ಯಾರಾದರೂ ಕಾಡುತ್ತಿರಬಹುದು. ಆ ಕಾರಣವನ್ನು ಬಿಟ್ಟು ಬೆರಳಿನ ಹಿಂದೆ ಬಿದ್ದರೆ ಏನೂ ಸಾಧಿಸಿದಂತಾಗುವುದಿಲ್ಲ.

ಇಷ್ಟಾದರೂ ಬಿಡಲಾಗದ, ಬಿಡಬೇಕೆಂದು ತಾನೇ ಬಯಸುವ ಆರು ಏಳು ವರ್ಷದ ಮಗುವಿಗೆ ನಾವು ಬಾಯಿಯೊಳಗೆ ಒಂದು ಸಾಧನವನ್ನು ಕೂರಿಸುತ್ತೇವೆ. ಮೇಲಿನ ಶಾಶ್ವತ ದವಡೆಹಲ್ಲುಗಳಿಗೆ ಉಂಗುರ ತೊಡಿಸಿ ಅಂಗುಳದ ಮುಂಭಾಗದಲ್ಲಿ ಸಣ್ಣ ತಂತಿಯ ಬೇಲಿ ಬರುವಂತೆ ಮಾಡುವುದು ಒಂದು ಬಗೆ. ಬೆರಳು ಅಂಗುಳಕ್ಕೆ ತಾಗದೆ ಹೋದಾಗ ಚೀಪುವ ಸುಖ ಇಲ್ಲವಾಗುತ್ತದೆ. 1991ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಬ್ಲೂಗ್ರಾಸ್ ಎಂಬ ಇನ್ನೊಂದು ಸಾಧನದಲ್ಲಿ ಬೇಲಿಯ ಬದಲು ಉರುಳುವ ಚಿಕ್ಕ ಮಣಿಯಿದ್ದು, ಮಗು ಅದನ್ನು ನಾಲಿಗೆಯಿಂದ ಉರುಳಿಸುತ್ತ ಬೆರಳನ್ನು ಮರೆಯುತ್ತದೆ. ಈ ಕ್ರಮದ ಹಿಂದಿರುವ ಕರುಣೆ ನನಗೆ ಬಹಳ ಇಷ್ಟ. ದವಡೆ ಕಿರಿದಾಗಿದ್ದರೆ ಅಗಲಿಸುವ ತಂತಿಯೇ ಬೆರಳನ್ನೂ ತಡೆಯುತ್ತದೆ. ಮೊದಲ ಕೆಲವು ದಿನ ಜೊಲ್ಲು ಹೆಚ್ಚು, ಮಾತು ತೊದಲು, ಊಟ ನಿಧಾನ. ಇದನ್ನು ಮನೆಯವರಿಗೆ ಮೊದಲೇ ಹೇಳಿರಬೇಕು. ಅಭ್ಯಾಸ ನಿಂತಿತೆಂದು ಕಂಡ ಕೂಡಲೇ ಅದನ್ನು ತೆಗೆಸಲು ಅವಸರಪಟ್ಟರೆ ಬೆರಳು ಮರಳಿ ಬರುತ್ತದೆ, ಆದ್ದರಿಂದ ಇನ್ನೂ ಕೆಲವು ತಿಂಗಳು, ಸುಮಾರು ಆರು ತಿಂಗಳವರೆಗೆ, ಇರಿಸುವುದು ರೂಢಿ. ಶಿಕ್ಷೆಯೆಂದು ಮಗುವಿಗೆ ಅನ್ನಿಸಿದರೆ ಸಾಧನವನ್ನು ಹಾಕದಿರುವುದೇ ಮೇಲು.

ವಾಟ್ಸ್ಯಾಪಿನಲ್ಲಿ ಬಂದ ಸಂದೇಶವನ್ನು ತೋರಿಸಿ, ಬೆರಳು ಚೀಪಿದರೆ ಅಲರ್ಜಿ ಬರುವುದಿಲ್ಲವಂತೆ, ಬಿಡಿಸುವುದೇಕೆ ಎಂದು ಕೇಳುವವರಿದ್ದಾರೆ. ಈ ಮಾತಿಗೆ ಆಧಾರವಿದೆ. ನ್ಯೂಜಿಲೆಂಡಿನ ಡುನೆಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಅನುಸರಿಸಿದ ಅಧ್ಯಯನವೊಂದು, ಬೆರಳು ಚೀಪುತ್ತಿದ್ದ ಅಥವಾ ಉಗುರು ಕಚ್ಚುತ್ತಿದ್ದ ಮಕ್ಕಳಲ್ಲಿ ಚರ್ಮದ ಪರೀಕ್ಷೆಯಲ್ಲಿ ಕಾಣುವ ಅಲರ್ಜಿಯ ಸ್ವಭಾವ ಕಡಿಮೆಯಿತ್ತೆಂದು 2016ರಲ್ಲಿ ತಿಳಿಸಿತು. ಆದರೆ ಉಬ್ಬಸದಲ್ಲಾಗಲಿ ಅಲರ್ಜಿಯ ನೆಗಡಿಯಲ್ಲಾಗಲಿ ವ್ಯತ್ಯಾಸ ಕಂಡಿರಲಿಲ್ಲ, ಮತ್ತು ಈ ಅಭ್ಯಾಸಗಳನ್ನು ಪ್ರೋತ್ಸಾಹಿಸಬೇಕೆಂದು ಆ ಸಂಶೋಧಕರು ಹೇಳಲಿಲ್ಲ. ಎರಡು ವರ್ಷದ ಮಗುವಿನ ತಾಯಿಗೆ ಇದು ಸಮಾಧಾನದ ಮಾತಾಗಲಿ. ಏಳು ವರ್ಷದ ಮಗುವಿನ ಹಲ್ಲಿಗೆ ಇದರಿಂದ ರಕ್ಷಣೆಯಿಲ್ಲ. ಮೊದಲಿನಿಂದಲೇ ನೋಡಿಕೊಳ್ಳಬೇಕೆನ್ನುವವರಿಗೆ ಎದೆಹಾಲಿನ ಬಗ್ಗೆ ಹೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಮೊದಲ 6 ತಿಂಗಳು ಎದೆಹಾಲನ್ನೇ, ಬಳಿಕ ಇತರ ಆಹಾರದೊಡನೆ 2 ವರ್ಷದವರೆಗೆ ಅಥವಾ ಅದಕ್ಕೂ ಮುಂದೆ ಕೊಟ್ಟ ಮಕ್ಕಳಲ್ಲಿ ಬೆರಳು, ರಬ್ಬರ್ ನಿಪ್ಪಲ್‌ಗಳನ್ನು ಬಹುಕಾಲ ಚೀಪುವುದೂ ಹಲ್ಲಿನ ಸಾಲು ಕೆಡುವುದೂ ಕಡಿಮೆ. ಹಾಲುಣಿಸಲಾಗದ ತಾಯಿಯನ್ನು ಇದನ್ನು ಹೇಳಿ ನೋಯಿಸಬಾರದು.

ಕ್ಲಿಪ್ ಹಾಕಿಸುವ ಹಂತಕ್ಕೆ ಬಂದರೆ ನಮ್ಮ ಕಡೆಯವರು ಹುಬ್ಬಳ್ಳಿ, ಧಾರವಾಡಕ್ಕೋ ಮಣಿಪಾಲಕ್ಕೋ ತಿಂಗಳಿಗೊಮ್ಮೆ ಓಡಾಡುವುದನ್ನು ನೋಡುತ್ತೇನೆ. ಹುಬ್ಬಳ್ಳಿ ಶಿರಸಿಯಿಂದ ಸುಮಾರು 100 ಕಿಲೋಮೀಟರ್. ಮಗುವಿಗೆ ಶಾಲೆ ತಪ್ಪುತ್ತದೆ, ದೊಡ್ಡವರಿಗೆ ದುಡಿಮೆ ತಪ್ಪುತ್ತದೆ. ಐದನೆಯ ವರ್ಷದಲ್ಲಿ ಒಂದೆರಡು ಭೇಟಿಗೆ ಮುಗಿಯಬಹುದಾಗಿದ್ದ ವಿಷಯ ಹನ್ನೆರಡರಲ್ಲಿ ಎರಡು ವರ್ಷದ ಪ್ರಯಾಣವಾಗುವುದು ನನಗೆ ನಿಜವಾಗಿ ಸಂಕಟದ ಸಂಗತಿ. ಅಂಗನವಾಡಿಗೆ ಹೋಗುವ ಮಕ್ಕಳನ್ನು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಪರೀಕ್ಷಿಸಬೇಕೆಂಬ ನಿಯಮವಿದೆ. ಅವರು ಬಂದ ದಿನ ಹುಳುಕಿನ ಜೊತೆಗೆ ಕಚ್ಚನ್ನೂ ನೋಡಿರೆಂದು ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಕೇಳಬಹುದು. ಅದಕ್ಕೆ ಹಣ ಕೊಡಬೇಕಿಲ್ಲ.

ನಾಲ್ಕು ದಾಟಿದ ಮಗುವನ್ನು ಈ ಕಾರಣಕ್ಕೆ ಯಾವುದೇ ದಂತವೈದ್ಯರಲ್ಲಿ ಕರೆದೊಯ್ಯುವ ಮೊದಲು ಒಂದು ವಾರ ಮನೆಯವರು ರಾತ್ರಿ ಸರದಿಯ ಮೇಲೆ ಗಮನಿಸಲಿ. ಮಲಗಿ ಅರ್ಧ ಗಂಟೆಯಾದ ಮೇಲೆ, ದೊಡ್ಡವರು ಮಲಗುವ ಮುನ್ನ, ನಡುರಾತ್ರಿ ಎಚ್ಚರವಾದಾಗ, ನಸುಕಿನಲ್ಲಿ ಎದ್ದಾಗ ಬೆರಳು ಬಾಯಿಯಲ್ಲಿತ್ತೋ ಇಲ್ಲವೋ, ಯಾವ ಕೈಯದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಮಗುವನ್ನು ಎಬ್ಬಿಸದೆ ಮೊಬೈಲಿನಲ್ಲಿ ಒಂದು ಚಿಕ್ಕ ವಿಡಿಯೋ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಬಾಯಿ ತೆರೆದು ಉಸಿರಾಡುತ್ತಿದೆಯೇ, ಗೊರಕೆ ಇದೆಯೇ ಎಂಬುದೂ ಅದರಲ್ಲಿ ತಿಳಿಯುತ್ತದೆ. ಆ ಹಾಳೆ ಮತ್ತು ವಿಡಿಯೋ ಕೈಯಲ್ಲಿದ್ದರೆ, ಬೆರಳಿಗೆ ಮದ್ದು ಬೇಕೋ, ಮೂಗಿಗೆ ಬೇಕೋ, ಇನ್ನಾರು ತಿಂಗಳು ಕಾಯಬಹುದೋ ಎಂಬುದನ್ನು ಮೊದಲ ಭೇಟಿಯಲ್ಲೇ ಹೇಳಲು ನಮಗೆ ಸಾಧ್ಯವಾಗುತ್ತದೆ.